ಕುತ್ತಿಗೇಲಿ ಗಂಟಾ? ಹುಳದ ಮಾತ್ರೆ ನುಂಗಿ ಸುಮ್ಮನಿರಬೇಡಿ

ಗುಂಡ್ಲುಪೇಟೆ: ಕುತ್ತಿಗೆ, ಕಂಕುಳಲ್ಲಿ ಗಂಟು ಕಂಡರೆ 'ಹೊಟ್ಟೇಲಿ ಹುಳ ಆಗಿರಬೇಕು' ಅಂತ ಮೆಡಿಕಲ್ ಸ್ಟೋರಿಂದ ಮಾತ್ರೆ ತಂದು ನುಂಗಿ ಸುಮ್ಮನಾಗುವವರಿದ್ದಾರೆ. ಲಾಡಿಹುಳಕ್ಕೂ ಈ ಗಂಟಿಗೂ ಸಂಬಂಧ ಇದೆಯಾ? ಇದೆ, ಆದರೆ ಅಪರೂಪ.

ದುಗ್ಧ ಗ್ರಂಥಿ ಅಂದರೇನು?
ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ಕಾಳಿನಂಥ ಪುಟ್ಟ ಗ್ರಂಥಿಗಳಿವೆ. ಬಂಡೀಪುರ ದಾರಿಯ ಚೆಕ್‌ಪೋಸ್ಟ್ ಇದ್ದ ಹಾಗೆ. ರೋಗಾಣು ಬಂದರೆ ಅಲ್ಲೇ ತಡೆಯುತ್ತವೆ, ಆಗ ಊದಿಕೊಳ್ಳುತ್ತವೆ.

ಹುಳ ಕರುಳಲ್ಲಿ, ಗಂಟು ಬೇರೆಡೆ
ಸರಿಯಾಗಿ ಬೇಯದ ಹಂದಿಮಾಂಸದಿಂದ ಬರುವ ಲಾಡಿಹುಳ ಕರುಳಲ್ಲೇ 2ರಿಂದ 7 ಮೀಟರ್ ಬೆಳೆಯುತ್ತೆ. ಅದರಿಂದ ಕುತ್ತಿಗೆ ಗ್ರಂಥಿ ಊದಲ್ಲ. ಅಪಾಯ ಇರೋದು ಮೊಟ್ಟೆಯಲ್ಲಿ. ಹುಳ ಇರುವವರ ಮಲದಿಂದ ಮೊಟ್ಟೆ ಮಣ್ಣು, ನೀರು, ಸೊಪ್ಪು, ಕೈಗೆ ಸೇರುತ್ತೆ. ಅದು ಹೊಟ್ಟೆಗೆ ಹೋದರೆ ಮರಿ ಕರುಳು ಕೊರೆದು ರಕ್ತದಲ್ಲಿ ಸಾಗಿ ಮಾಂಸಖಂಡ, ಚರ್ಮದಡಿ, ಮೆದುಳಲ್ಲಿ ನೀರುಗುಳ್ಳೆಯಾಗಿ ಕೂರುತ್ತೆ. ಕುತ್ತಿಗೆಯ ಮಾಂಸದಲ್ಲಿ ಕೂತರೆ ಗ್ರಂಥಿ ಊದಿದಂತೆಯೇ ಕಾಣುತ್ತೆ. ಸೂಜಿ ಹಾಕಿ ಪರೀಕ್ಷೆ ಮಾಡಿದಾಗಲೇ ನಿಜ ತಿಳಿಯೋದು. ಮೆದುಳಲ್ಲಿ ಕೂತರೆ ಫಿಟ್ಸ್ ಬರಬಹುದು.

'ನಾವು ಹಂದಿ ಮಾಂಸ ಮುಟ್ಟಲ್ಲ' ಅನ್ನುವವರಿಗೂ ಇದು ಬರುತ್ತೆ. ಮೊಟ್ಟೆ ಬರೋದು ಮಾಂಸದಿಂದಲ್ಲ, ತೊಳೆಯದ ಕೈ ಮತ್ತು ತರಕಾರಿಯಿಂದ.

ಮಾತ್ರೆ ಯಾಕೆ ಸಾಲಲ್ಲ?
ಫೆಬ್ರವರಿ 10, ಆಗಸ್ಟ್ 10ರಂದು ಶಾಲೆ, ಅಂಗನವಾಡಿಯಲ್ಲಿ ಕೊಡುವ ಆಲ್ಬೆಂಡಜೋಲ್ ಮಾತ್ರೆ ಮುಖ್ಯವಾಗಿ ಜಂತುಹುಳ, ಕೊಕ್ಕೆಹುಳಕ್ಕೆ. ಮಕ್ಕಳಿಗೆ ತಪ್ಪದೇ ಕೊಡಿಸಿ. ಆದರೆ ಲಾಡಿಹುಳಕ್ಕೆ ಅದೊಂದೇ ಸಾಲಲ್ಲ. ಮೆದುಳಲ್ಲಿ ಗುಳ್ಳೆ ಇದ್ದವರು ಡಾಕ್ಟರನ್ನು ಕೇಳದೆ ಹುಳದ ಔಷಧ ತಗೊಂಡರೆ ಅದರಿಂದಲೇ ಫಿಟ್ಸ್ ಬರುವ ಸಾಧ್ಯತೆಯಿದೆ.

ಮರೆಯಬೇಡಿ, ಟಿಬಿ
ನಮ್ಮ ದೇಶದಲ್ಲಿ ಕುತ್ತಿಗೆ ಗಂಟು ಕರಗದೇ ಉಳಿದರೆ ಡಾಕ್ಟರ್‌ಗಳು ಮೊದಲು ಅನುಮಾನಿಸೋ ಕಾಯಿಲೆಗಳಲ್ಲಿ ಕ್ಷಯ ಒಂದು. ಕ್ಯಾನ್ಸರ್ ಕೂಡ ಇರಬಹುದು. ಎರಡು ವಾರ ಕಳೆದರೂ ಗಂಟು ಇಳಿಯದಿದ್ದರೆ, ಜ್ವರ ಬಂದರೆ, ತೂಕ ಇಳಿದರೆ ತಾಲ್ಲೂಕು ಆಸ್ಪತ್ರೆಗೋ ಚಾಮರಾಜನಗರದ ಸಿಮ್ಸ್‌ಗೋ ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಟಿಬಿ ಪರೀಕ್ಷೆ, ಔಷಧ ಉಚಿತ.

ಹೋಟೆಲ್, ಅಂಗಡಿಯವರಿಗೆ
* ತೆರಕಣಾಂಬಿ ಮಾರುಕಟ್ಟೆಯಿಂದ ಬಂದ ತರಕಾರಿಯಾಗಲಿ, ಮನೆ ಹಿತ್ತಲಿನದಾಗಲಿ, ಹಸಿಯಾಗಿ ಬಡಿಸೋ ಸೌತೆಕಾಯಿ, ಕೋಸು, ಕೊತ್ತಂಬರಿಯನ್ನು ಶುದ್ಧ ನೀರಲ್ಲಿ ಚೆನ್ನಾಗಿ ತೊಳೆಯಿರಿ.
* ಶೌಚಕ್ಕೆ ಹೋಗಿ ಬಂದ ಮೇಲೆ ಕೆಲಸದವರು ಸೋಪಿನಲ್ಲೇ ಕೈ ತೊಳೆಯಲಿ.
* ಹಂದಿಮಾಂಸ ಒಳಗೂ ಕೆಂಪಿಲ್ಲದಂತೆ ಬೇಯಲಿ.
* ಮಲದಲ್ಲಿ ಲಾಡಿಯಂಥ ಬಿಳಿ ತುಣುಕು ಕಂಡರೆ ನಾಚಿಕೆ ಬೇಡ, ಡಾಕ್ಟರಿಗೆ ಹೇಳಿ. ಒಬ್ಬರಿಗೆ ಚಿಕಿತ್ಸೆ ಆದರೆ ಅವರ ಕೈಯಡುಗೆ ಉಣ್ಣುವ ಎಲ್ಲರೂ ಬಚಾವ್.