ದಾಂಪತ್ಯದಲ್ಲಿ ಮಿತವ್ಯಯವೂ ವಿಶ್ವಾಸವೂ

ಬಡತನವು ದಾಂಪತ್ಯವನ್ನು ಕೆಡಿಸುತ್ತದೆ, ಸಿರಿತನವು ಅದನ್ನು ಬೆಳಗಿಸುತ್ತದೆ ಎಂಬುದು ಜನಸಾಮಾನ್ಯರ ನಂಬಿಕೆ. ಆದರೆ ಉಣ್ಣಲು ಉಡಲು ಯಾವ ಕೊರತೆಯೂ ಇಲ್ಲದ ಮನೆಗಳಲ್ಲಿಯೂ ಹಣದ ಮಾತು ಬಂದೊಡನೆ ಸತಿಪತಿಗಳ ಮುಖ ಬಾಡುವುದುಂಟು. ಅಲ್ಲಿ ವಿರಸಕ್ಕೆ ಕಾರಣವಾಗುವುದು ಹಣದ ಅಭಾವವಲ್ಲ. ಹಣವನ್ನು ಕುರಿತ ಮನೋಭಾವ. ಒಬ್ಬರಿಗೆ ಕೂಡಿಡುವುದೇ ಧರ್ಮವೆನಿಸಿದರೆ, ಮತ್ತೊಬ್ಬರಿಗೆ ಅದು ಸೆರೆಮನೆಯೆನಿಸುತ್ತದೆ. ಮಿತವ್ಯಯವು ಸದ್ಗುಣವೆಂಬುದು ನಿರ್ವಿವಾದ. ಆ ಸದ್ಗುಣವೇ ಕೆಲವೊಮ್ಮೆ ಗಂಡಹೆಂಡಿರ ನಡುವೆ ಗೋಡೆಯಾಗುವುದೇಕೆ ಎಂಬುದು ವಿಚಾರಾರ್ಹವಾದ ವಿಷಯ.

ಹಣದ ವಿಷಯದ ಎಚ್ಚರಿಕೆಯು ಬಹುಪಾಲು ಹಿರಿಯರಿಂದ ಬಂದ ಬಳುವಳಿ. ಮಳೆಯನ್ನೇ ನಂಬಿದ ಉತ್ತರ ಕರ್ನಾಟಕದ ಬಯಲುಸೀಮೆಯು 1791-92ರ ಡೋಗಿ ಬರವನ್ನು ಕಂಡಿತು. 1876-78ರ ಧಾತು-ಈಶ್ವರ ಸಂವತ್ಸರಗಳ ಭೀಕರ ಕ್ಷಾಮವನ್ನೂ ಕಂಡಿತು. ಸುಗ್ಗಿಯ ಜೋಳವನ್ನು ಹಗೇವಿಗೆ ತುಂಬಿ ಬಾಯಿ ಮುಚ್ಚಿ, ಮುಂದಿನ ವರ್ಷದ ಮಳೆ ಕಂಡ ಮೇಲೆಯೇ ತೆರೆಯುವ ವಿವೇಕವನ್ನು ಇಲ್ಲಿನ ಒಕ್ಕಲಿಗೆ ಕಲಿಸಿದ್ದು ಹಸಿವೆ. ಅಂಥ ಮನೆಯಲ್ಲಿ ಬೆಳೆದವರು ತಿಂಗಳ ಸಂಬಳ ತಪ್ಪದೆ ಬರುವ ಕಾಲದಲ್ಲಿಯೂ ಒಂದು ರೂಪಾಯಿಯನ್ನು ಎರಡು ಸಲ ಎಣಿಸಿಯೇ ಕೊಡುತ್ತಾರೆ. ಅವರ ಕೈಹಿಡಿದವರು ಬಂದವರಿಗೆ ಬಡಿಸುವುದನ್ನೇ ಮನೆತನದ ಮರ್ಯಾದೆಯೆಂದು ಕಲಿತು ಬಂದವರಾಗಿರಬಹುದು. ಆಗ ಒಬ್ಬರ ಕಣ್ಣಿಗೆ ಇನ್ನೊಬ್ಬರು ಜಿಪುಣರಾಗಿಯೂ, ಅವರ ಕಣ್ಣಿಗೆ ಇವರು ದುಂದುಗಾರರಾಗಿಯೂ ತೋರುವುದು ಸಹಜ. ವಸ್ತುತಃ ಅಲ್ಲಿ ಎದುರುಬದುರಾಗಿರುವುದು ಎರಡು ದುರ್ಗುಣಗಳಲ್ಲ, ಎರಡು ಮನೆಗಳ ಸಂಸ್ಕಾರಗಳು. ಈ ತಿಳಿವಳಿಕೆ ಮೂಡಿದರೆ ಅರ್ಧ ಕಲಹ ಅಲ್ಲಿಗೇ ಶಮನವಾಗುತ್ತದೆ.

ಎಚ್ಚರಿಕೆಯಲ್ಲಿ ಎರಡು ಬಗೆ. ಒಂದು, ಇಬ್ಬರೂ ಅರಿತು ನಡೆಸುವ ಮಿತವ್ಯಯ. ಇನ್ನೊಂದು, ಒಬ್ಬರು ಮತ್ತೊಬ್ಬರಿಂದ ಮರೆಮಾಡಿ ನಡೆಸುವ ಸಂಚಯ. ಸಾಸಿವೆ ಡಬ್ಬಿಯಲ್ಲಿಯೋ ಸೀರೆಯ ಮಡಿಕೆಯಲ್ಲಿಯೋ ಗೃಹಿಣಿಯು ಕೂಡಿಟ್ಟ ಕಾಸನ್ನು ಲೋಕವು ನಗೆಯ ವಸ್ತುವನ್ನಾಗಿ ಮಾಡಿಕೊಂಡಿದೆ. ಆದರೆ ಅದರ ಹಿಂದಿನ ಕಾರಣ ನಗುವಂಥದಲ್ಲ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಂತೆ ಜನ್ಮಸಿದ್ಧ ಹಕ್ಕು ದೊರೆತದ್ದು ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ. ದೇಶದಾದ್ಯಂತ 2005ರ ತಿದ್ದುಪಡಿಯಿಂದ. ತನ್ನದೆನ್ನಲು ಸ್ತ್ರೀಧನದ ಹೊರತು ಬೇರೇನೂ ಇಲ್ಲದಿದ್ದ ಹೆಣ್ಣಿಗೆ ಆ ಡಬ್ಬಿಯೇ ವಿಮೆ, ಅದೇ ಆಪದ್ಧನ. 2016ರ ನವೆಂಬರ್ 8ರಂದು 500 ಮತ್ತು 1000 ರೂಪಾಯಿಗಳ ನೋಟುಗಳು ರದ್ದಾದಾಗ ಇಂಥ ಗುಪ್ತಧನವು ಬೆಳಕಿಗೆ ಬರಬೇಕಾಯಿತು. ಅದನ್ನು ಕಂಡು, ‘ಇಷ್ಟು ದಿನ ಏಕೆ ಬಚ್ಚಿಟ್ಟೆ?’ ಎಂದು ಕೇಳುವುದು ಪತಿಗೆ ಸುಲಭ. ‘ಬಚ್ಚಿಡಬೇಕೆಂದು ನಿನಗೇಕೆ ಅನಿಸಿತು?’ ಎಂದು ಕೇಳುವುದೇ ಕಠಿಣ. ದಾಂಪತ್ಯಕ್ಕೆ ಹಿತವಾದ ಪ್ರಶ್ನೆ ಎರಡನೆಯದು.

ಗಂಡಸರ ಗುಟ್ಟು ಇದಕ್ಕಿಂತ ಹೆಚ್ಚು ಅಪಾಯಕರ. ಸಂಬಳವೆಷ್ಟು, ಸಾಲವೆಷ್ಟು, ಯಾವ ಬ್ಯಾಂಕಿನಲ್ಲಿ ಠೇವಣಿಯಿದೆ ಎಂಬುದನ್ನು ಮಡದಿಗೆ ತಿಳಿಸದಿರುವುದನ್ನೇ ಅನೇಕರು ಯಜಮಾನಿಕೆಯೆಂದು ಭಾವಿಸುತ್ತಾರೆ. ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ ಹಣವು, ಹೇಳುವವರು ಇಲ್ಲವಾದ ದಿನ, ಮನೆಯವರಿಗೂ ಎಟುಕದೆ ಹೋಗುತ್ತದೆ. ಹತ್ತು ವರ್ಷಗಳವರೆಗೆ ಯಾರೂ ಕೇಳದೆ ಉಳಿದ ಬ್ಯಾಂಕ್ ಠೇವಣಿಗಳನ್ನು ವರ್ಗಾಯಿಸಲು ರಿಸರ್ವ್ ಬ್ಯಾಂಕು 2014ರಲ್ಲಿ ಪ್ರತ್ಯೇಕ ನಿಧಿಯನ್ನು ಸ್ಥಾಪಿಸಿತು. ಅಂಥ ಠೇವಣಿಗಳನ್ನು ವಾರಸುದಾರರು ಹುಡುಕಿಕೊಳ್ಳಲೆಂದು 2023ರಲ್ಲಿ ‘ಉದ್ಗಮ್’ ಎಂಬ ವ್ಯವಸ್ಥೆಯನ್ನೂ ಆರಂಭಿಸಿತು. ಹೆಂಡತಿಯ ಭವಿಷ್ಯಕ್ಕೆಂದು ಉಳಿಸಿದವನು ಹೆಂಡತಿಗೇ ಹೇಳದೆ ಹೋದರೆ ಆ ಉಳಿತಾಯದ ಉದ್ದೇಶವೇ ವಿಫಲವಾಗುತ್ತದೆ. ‘ಸಂಸಾರ ಗುಟ್ಟು, ವ್ಯಾಧಿ ರಟ್ಟು’ ಎಂಬ ಗಾದೆಯು ಹೊರಗಿನವರಿಗೆ ಸಂಬಂಧಿಸಿದ್ದು. ಅದು ಸತಿಪತಿಗಳ ನಡುವಣ ಗುಟ್ಟಿಗೆ ಸಮರ್ಥನೆಯಲ್ಲ.

ಈ ವಿಷಯದಲ್ಲಿ ಆದರ್ಶವನ್ನು ಅರಸಿ ದೂರ ಹೋಗಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಮಾರಯ್ಯನವರ ಕಾಯಕವಾಗಿತ್ತು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅಗತ್ಯಕ್ಕೆ ಮೀರಿದ್ದು ಆಸೆಯೆಂದು ಲಕ್ಕಮ್ಮನವರು ಎಚ್ಚರಿಸಿ, ಅದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹೇಳಿದರೆಂಬುದು ಶರಣ ಪರಂಪರೆಯಲ್ಲಿ ಪ್ರಸಿದ್ಧ. ಈ ಪ್ರಸಂಗವನ್ನು ಸಾಮಾನ್ಯವಾಗಿ ನಿರಾಸೆಯ ಪಾಠವೆಂದು ಬೋಧಿಸಲಾಗುತ್ತದೆ; ಅದು ದಾಂಪತ್ಯದ ಪಾಠವೂ ಹೌದು. ಮನೆಗೆ ಎಷ್ಟು ಸಾಕೆಂಬುದನ್ನು ನಿರ್ಣಯಿಸಿದವರು ಪತ್ನಿ. ಅವರು ಅಕ್ಕಿಯನ್ನು ಬಚ್ಚಿಡಲಿಲ್ಲ, ಮನಸ್ಸಿನಲ್ಲಿಯೇ ಕೊರಗಲೂ ಇಲ್ಲ, ಎದುರಿಗೇ ಹೇಳಿದರು. ಗಳಿಸಿ ತಂದವನು ತಾನೆಂಬ ಅಹಂಕಾರವಿಲ್ಲದೆ ಮಾರಯ್ಯನವರು ಆ ಮಾತಿಗೆ ತಲೆಬಾಗಿದರು. ಹೀಗೆ ಪತಿಯನ್ನು ತಿದ್ದಿದ ಲಕ್ಕಮ್ಮನವರ ವಚನಗಳ ಅಂಕಿತ ‘ಮಾರಯ್ಯಪ್ರಿಯ ಅಮಲೇಶ್ವರಲಿಂಗ’ ಎಂಬುದು ಗಮನಾರ್ಹ. ತಿದ್ದುವಿಕೆಯಿಂದ ಪ್ರೀತಿಗೆ ಕುಂದು ಬರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಂದಿನ ಗೃಹಸ್ಥರು ಇದನ್ನು ಆಚರಣೆಗೆ ತರುವುದು ಕಷ್ಟವಲ್ಲ. ತಿಂಗಳಿಗೊಮ್ಮೆ ದಂಪತಿಗಳು ಕೂಡಿ ಕುಳಿತು ಆದಾಯ, ಸಾಲ, ಉಳಿತಾಯಗಳ ಲೆಕ್ಕವನ್ನು ನೋಡಬೇಕು. ಠೇವಣಿ, ವಿಮೆ, ಜಮೀನುಗಳ ಕಾಗದಪತ್ರಗಳಿರುವ ಸ್ಥಳವು ಇಬ್ಬರಿಗೂ ಗೊತ್ತಿರಬೇಕು. ಲೆಕ್ಕ ಕೇಳದ ಅಲ್ಪ ಮೊತ್ತವೊಂದು ಪ್ರತಿಯೊಬ್ಬರ ಕೈಯಲ್ಲಿಯೂ ಇರಬೇಕು. ಒಂದು ಹೂವಿಗೂ ಒಂದು ಪುಸ್ತಕಕ್ಕೂ ಅನುಮತಿ ಬೇಡುವ ಸ್ಥಿತಿ ಗೌರವದ್ದಲ್ಲ. ದಾಸೋಹಕ್ಕೆ ನೀಡುವ ಕಾಣಿಕೆಯೂ ಹಾಗೆಯೇ. ಮಠಕ್ಕೆ, ಶಾಲೆಗೆ ಅರ್ಪಿಸುವ ದಾನದಲ್ಲಿ ಅಡುಗೆಮನೆಯಲ್ಲಿ ಉಳಿಸಿದವಳ ಪಾಲೂ ಇರುತ್ತದೆ. ರಸೀದಿಯಲ್ಲಿ ಒಬ್ಬರದೇ ಹೆಸರಿದ್ದರೂ ಸಂಕಲ್ಪ ಇಬ್ಬರದಾಗಿರಬೇಕು.

ಕೂಡಿಡುವುದು ವಿವೇಕ, ಕೂಡಿ ಇಡುವುದು ಅದಕ್ಕಿಂತ ಹಿರಿದಾದ ವಿವೇಕ. ಮಕ್ಕಳು ಮಿತವ್ಯಯದ ಪಾಠವನ್ನು ಶಾಲೆಯಲ್ಲಿ ಓದುವುದಕ್ಕೆ ಮೊದಲೇ, ತಂದೆತಾಯಿಗಳು ಒಬ್ಬರೊಡನೊಬ್ಬರು ಹಣದ ಮಾತನ್ನು ಆಡುವ ರೀತಿಯಿಂದ ಕಲಿತಿರುತ್ತಾರೆ.