ಬಣ್ಣ ನೋಡಿ ಹಾವಿನ ಜಾತಿ ಹೇಳೋಕಾಗುತ್ತಾ?

ಹೊಲದ ಬದುವಿನಲ್ಲಿ ಹಾವಿನ ಮರಿಯೊಂದು ಸಿಗುತ್ತದೆ. ಇಟ್ಟಿಗೆ ಪುಡಿ ಬಳಿದಂಥ ಮೈ, ಬಾಲದ ಕಡೆ ಕರಿ ಪಟ್ಟೆ. ಸಿಕ್ಕವನು ಅದನ್ನು ಡಬ್ಬಿಗೆ ಹಾಕಿ ಅಟ್ಟದ ಮೇಲಿಟ್ಟನೋ, ಸಂಜೆಯೊಳಗೆ ಊರೆಲ್ಲ ಪಂಡಿತರೇ. "ಇದು ಬೇರೆ ಜಾತೀದು ಕಣೋ, ಲಕ್ಷಗಟ್ಲೆ ಬಾಳುತ್ತೆ. ಬಿಟ್ಟುಗಿಟ್ಟೀಯ!"

ಬೇರೆ ಜಾತಿಯೂ ಅಲ್ಲ, ಲಕ್ಷವೂ ಇಲ್ಲ. ಅದು ಮಣ್ಣುಮುಕ್ಕ, ಜನರ ಬಾಯಲ್ಲಿ ಎರಡು ತಲೆ ಹಾವು. ಮರಿಯಲ್ಲಿ ಕೆಂಪು-ಕಿತ್ತಳೆ; ಬೆಳೆದಂತೆ ಪಟ್ಟೆ ಮಾಸಿ ಮೈಯೆಲ್ಲ ಮಣ್ಣಿನ ಬಣ್ಣ. ಪೊರೆ ಬಿಡುವ ಮುಂಚೆ ಅದೂ ಮಂಕಾಗುತ್ತದೆ. ಮೆಲನಿನ್ ಎಂಬ ಕರಿ ಬಣ್ಣದ ಅಂಶ ಹುಟ್ಟಿನಿಂದಲೇ ಇಲ್ಲದ ಹಾವು ಬಿಳಿ-ಹಳದಿಯಾಗಿ ಕಾಣುತ್ತದೆ, ಜಾತಿ ಮಾತ್ರ ತಾಯಿಯದೇ.

ಹಾಗಾದರೆ ಗುರುತು ಯಾವುದು? ಬಾಲ ಮತ್ತು ಹುರುಪೆ. ಎರಡು ತಲೆ ಹಾವಿನ ಬಾಲ ಮೊಂಡು, ತಲೆಯಷ್ಟೇ ದಪ್ಪ; ಮೈ ನುಣುಪು. ಹೆದರಿದಾಗ ತಲೆಯನ್ನು ಸುರುಳಿಯೊಳಗೆ ಹುದುಗಿಸಿ ಬಾಲ ತೋರಿಸುತ್ತದೆ, ಎರಡು ತಲೆಯ ಕಥೆ ಹುಟ್ಟಿದ್ದು ಅಲ್ಲಿಂದ. ಹಾವಾಡಿಗರು ಆ ಬಾಲದ ಮೇಲೆ ಕಣ್ಣು-ಬಾಯಿಯ ಗಾಯ ಮಾಡಿ ಕಾಸು ಕೇಳುತ್ತಿದ್ದುದೂ ಉಂಟು. ಇದರ ದಾಯಾದಿ ಇನ್ನೊಂದಕ್ಕೆ ಮೈಮೇಲೆ ಕಂದು ಮಚ್ಚೆ, ಚೂಪು ಬಾಲ, ಕೈಗೆ ಒರಟು ಹುರುಪೆ. ಪಶ್ಚಿಮ ಕರಾವಳಿಯ ಮೂರನೆಯದಕ್ಕಂತೂ 1991ರವರೆಗೆ ಸ್ವಂತ ಹೆಸರೇ ಇರಲಿಲ್ಲ. ಆ ವರ್ಷ ಇಂದ್ರನೀಲ್ ದಾಸ್ ಅದನ್ನು ಬೇರೆ ಪ್ರಭೇದವೆಂದು ವಿವರಿಸಿ, ಉರಗತಜ್ಞ ರೊಮುಲಸ್ ವಿಟೇಕರ್ ಹೆಸರಿಟ್ಟರು.

ಅಪಾಯ ಇರೋದು ಆ ಮಚ್ಚೆಯ ದಾಯಾದಿಯಲ್ಲಿ. ಕಡಿದರೂ ವಿಷವಿಲ್ಲದ ಪಾಪದ ಪ್ರಾಣಿ ಅದು, ಆದರೆ ದೂರಕ್ಕೆ ಕೊಳಕುಮಂಡಲದಂತೆಯೇ ಕಾಣುತ್ತದೆ. ಹೀಗಾಗಿ ಎಷ್ಟೋ ಕಡೆ ದೊಣ್ಣೆ ಪೆಟ್ಟಿಗೆ ಸಾಯುತ್ತದೆ. ತದ್ವಿರುದ್ಧವಾದದ್ದು ಇನ್ನೂ ಕೆಟ್ಟದ್ದು: ಮಣ್ಣಿನ ಹಾವು ಅಂತ ಕೊಳಕುಮಂಡಲಕ್ಕೆ ಕೈ ಹಾಕುವುದು. ಕೊಳಕುಮಂಡಲದ ತಲೆ ತ್ರಿಕೋನ, ಕತ್ತು ಸಣ್ಣ, ಬೆನ್ನ ಮೇಲೆ ಸರಪಳಿಯಂತೆ ಮೂರು ಸಾಲು ಮಚ್ಚೆ, ಕೆಣಕಿದರೆ ಕುಕ್ಕರ್ ಕೂಗಿದಂಥ ಬುಸುಗುಟ್ಟು. ಇಷ್ಟೆಲ್ಲ ನೋಡೋಕೆ ಹತ್ತಿರ ಹೋಗಲೇಬೇಕಾದರೆ ಹೋಗದಿರುವುದೇ ಲೇಸು. ದೂರ ನಿಂತು ಮೊಬೈಲಿನಲ್ಲಿ ಒಂದು ಫೋಟೋ ತೆಗೆದರೆ ತಿಳಿದವರು ಹೇಳುತ್ತಾರೆ.

ಇನ್ನು ಲಕ್ಷದ ಮಾತು. ಎರಡು ತಲೆ ಹಾವಿನಿಂದ ನಿಧಿ ಸಿಗುತ್ತೆ, ಕಾಯಿಲೆ ವಾಸಿಯಾಗುತ್ತೆ ಅಂತ ನಂಬಿಸಿ, ತೂಕಕ್ಕೆ ತಕ್ಕ ಬೆಲೆ ಹೇಳುವ ದಲ್ಲಾಳಿಗಳು ಇದ್ದಾರೆ. ಕೊಳ್ಳುವವನು ಕೈಗೆ ಸಿಗುವುದಿಲ್ಲ, ಪೊಲೀಸರು ಮಾತ್ರ ಸಿಗುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಇದನ್ನು ಹಿಡಿಯುವುದು, ಸಾಕುವುದು, ಮಾರುವುದು ಎಲ್ಲವೂ ಅಪರಾಧ. "ಸಾಕೋಕೆ ಇಟ್ಕೊಂಡಿದ್ದೆ ಸ್ವಾಮೀ" ಅಂದರೆ ಕೋರ್ಟಿನಲ್ಲಿ ನಡೆಯೋಲ್ಲ.

ಡಬ್ಬಿಯಲ್ಲಿದ್ದರೆ ಅರಣ್ಯ ಇಲಾಖೆಯವರಿಗೆ ಹೇಳುವುದೊಂದೇ ದಾರಿ. ಹಾವಿಗೆ ಬೇಕಿರೋದು ಸಡಿಲ ಮಣ್ಣು, ನಾಲ್ಕು ಇಲಿ. ಅಟ್ಟದ ಮೇಲಿನ ಡಬ್ಬಿಯಲ್ಲಿ ಎರಡೂ ಇಲ್ಲ.