ಯೊಇಚಿಯ ಮೂರು ಲೋಟಗಳು

ಜಪಾನಿನ ಉತ್ತರದ ಹೊಕ್ಕೈಡೊ ದ್ವೀಪದಲ್ಲಿ, ಜಪಾನ್ ಸಮುದ್ರಕ್ಕೆ ಮುಖ ಮಾಡಿ ಕೂತ ಊರು ಯೊಇಚಿ. ಒಂದು ಕಾಲಕ್ಕೆ ಹೆರಿಂಗ್ ಮೀನಿಗೆ ಹೆಸರಾಗಿದ್ದ ಊರು. ಈಗ ಸೇಬು, ದ್ರಾಕ್ಷಿ. ರೈಲು ಇಳಿದು ಹೊರಬಂದರೆ ನಿಕ್ಕಾ ವಿಸ್ಕಿ ಡಿಸ್ಟಿಲರಿಯ ಕಲ್ಲಿನ ಹೆಬ್ಬಾಗಿಲು ಸ್ವಲ್ಪವೇ ದೂರ. ಒಳಗೆ ಕೆಂಪು ಮಾಡಿನ ಕಲ್ಲುಕಟ್ಟಡಗಳು, ನಡುವೆ ಮರಗಳು. ಚಳಿಗಾಲದಲ್ಲಿ ಆ ಮಾಡುಗಳ ಮೇಲೆ ಹಿಮ ದಪ್ಪಗೆ ಕೂರುತ್ತದೆ.

ರುಚಿ ನೋಡಲು ಬಂದವರು ನೇರ ಲೋಟದ ಬಳಿಗೆ ಓಡಬಾರದು. ಮೊದಲು ಭಟ್ಟಿಮನೆಗೆ ಹೋಗಬೇಕು. ಅಲ್ಲಿ ಸಾಲಾಗಿ ತಾಮ್ರದ ದೊಡ್ಡ ಹಂಡೆಗಳು. ಅವುಗಳ ಕೊರಳಿಗೆ ಹುಲ್ಲು ಹೊಸೆದ ಹಗ್ಗ, ಹಗ್ಗದಿಂದ ಇಳಿಬಿದ್ದ ಬಿಳಿ ಕಾಗದದ ಪಟ್ಟಿಗಳು. ಶಿಂಟೋ ಗುಡಿಗಳಲ್ಲಿ ಕಾಣುವ ಈ ಹಗ್ಗ ಇಲ್ಲಿಗೆ ಬಂದದ್ದು ಸಾಕೆ ಮದ್ಯ ತಯಾರಿಸುವವರ ಸಂಪ್ರದಾಯದಿಂದ. ಡಿಸ್ಟಿಲರಿ ಕಟ್ಟಿದ ಮಸಟಾಕ ತಕೆತ್ಸುರು ಹಿರೊಶಿಮಾ ಪ್ರಾಂತ್ಯದ ಅಂಥದ್ದೇ ಮನೆತನದ ಮಗ. ಹಂಡೆಯ ಬುಡದಲ್ಲಿ ಕಬ್ಬಿಣದ ಬಾಗಿಲು. ಕೆಲಸಗಾರ ಅದನ್ನು ತೆರೆದು ಸಲಿಕೆಯಲ್ಲಿ ಕಲ್ಲಿದ್ದಲು ಎಸೆಯುತ್ತಾನೆ, ಕೆಂಡದ ಬಣ್ಣ ನೋಡುತ್ತಾನೆ, ಬಾಗಿಲು ಮುಚ್ಚುತ್ತಾನೆ. ಕೆಲವೇ ನಿಮಿಷಕ್ಕೆ ಮತ್ತೆ ಅದೇ ಕೆಲಸ. ಜಗತ್ತಿನ ಬಹುಪಾಲು ಡಿಸ್ಟಿಲರಿಗಳು ಎಂದೋ ಹಬೆಗೆ ಬದಲಾದವು. ಹಬೆಯ ಶಾಖವನ್ನು ನಲ್ಲಿ ತಿರುಗಿಸಿ ಹಿಡಿತಕ್ಕೆ ತರಬಹುದು, ಕೆಂಡ ಹಾಗಲ್ಲ. ಅದರ ಮುಂದೆ ಕಣ್ಣಿಟ್ಟು ನಿಂತವನೇ ಬೇಕು. ಸ್ಕಾಟ್ಲೆಂಡಿಗೆ ಹೋಗಿ ತಕೆತ್ಸುರು ಕಲಿತು ಬಂದದ್ದು ಈ ಹಳೆಯ ಪದ್ಧತಿಯನ್ನು, ಯೊಇಚಿ ಇನ್ನೂ ಅದನ್ನು ಬಿಟ್ಟಿಲ್ಲ. ಈ ಹಟವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಇಷ್ಟು ನೋಡಿದ ಮೇಲೆ ರುಚಿಯ ಸಭಾಂಗಣ. ತಟ್ಟೆಯಲ್ಲಿ ಮೂರು ಪುಟ್ಟ ಲೋಟ, ಪಕ್ಕದಲ್ಲಿ ನೀರು. ಮೊದಲನೆಯದು ಯೊಇಚಿ ಸಿಂಗಲ್ ಮಾಲ್ಟ್, ಶೇ 45 ಆಲ್ಕೋಹಾಲ್. ಬಣ್ಣ ತಿಳಿಜೇನಿನದು. ಮೂಗನ್ನು ಒಮ್ಮೆಲೇ ಲೋಟದೊಳಗೆ ತೂರಿಸಿದರೆ ಆಲ್ಕೋಹಾಲಿನ ಚುರುಕಷ್ಟೇ ಸಿಗುತ್ತದೆ. ಸ್ವಲ್ಪ ದೂರ ಹಿಡಿದು, ಬಾಯಿ ಅರೆ ತೆರೆದು ಮೂಸಬೇಕು. ಮೊದಲು ಹೊಗೆ, ತೆಳ್ಳಗೆ. ಅದರ ಹಿಂದೆ ಕಳಿತ ಹಣ್ಣು, ಕಿತ್ತಳೆ ಸಿಪ್ಪೆ. ಒಂದು ಗುಟುಕು ಹೀರಿ ನಾಲಿಗೆಯ ಮೇಲೆ ಹೊರಳಿಸಿದಾಗ ಮೇಲೇಳುತ್ತದೆ ಆ ಹುರಿದ ಘಮ: ಬಿಸಿ ಮರಳಿನ ಬಾಣಲೆಯಲ್ಲಿ ಭತ್ತ ಅರಳುವಾಗ ಅಡುಗೆಮನೆ ತುಂಬುವಂಥದ್ದು. ಬೆಂಕಿ ನೇರ ತಗುಲಿದ ಹಂಡೆಯ ತಳದಲ್ಲಿ ಹುದುಗು ತುಸು ಸೀದು ಕೊಡುವ ಗುಣ ಇದು. ಹಂಡೆಗಳ ಕೊರಳು ನೇರ, ಅದರಿಂದ ಹೊರಟ ಕೊಳವೆ ಕೆಳಮುಖ. ಹಾಗಾಗಿ ಭಾರದ ಆವಿಯೂ ದಾಟಿಬರುತ್ತದೆ, ಬಾಯಿ ತುಂಬುತ್ತದೆ.

ಕೊನೆಗೆ ನಾಲಿಗೆಯ ಅಂಚಿನಲ್ಲಿ ಉಪ್ಪಿನ ಸೆಳಕು. ಕಡಲ ಗಾಳಿ ಪೀಪಾಯಿಯೊಳಗೆ ಇಳಿದು ಕೊಟ್ಟದ್ದು ಅದು ಎನ್ನುವವರಿದ್ದಾರೆ. ಅಷ್ಟು ಸುಲಭಕ್ಕೆ ನನಗೆ ನಂಬಿಕೆ ಬಾರದು. ಕೆಂಡದ ಗುರುತನ್ನು ಮಾತ್ರ ಕಣ್ಣಾರೆ ಕಂಡು ನಂಬಬಹುದು. ನಾಲ್ಕು ಹನಿ ನೀರು ಬೆರೆಸಿದರೆ ಹೊಗೆ ಹಿಂದೆ ಸರಿದು ಸೇಬು ಮುಂದೆ ಬರುತ್ತದೆ. ಐಸ್ ಹಾಕಿ ಇದನ್ನು ಕುಗ್ಗಿಸುವುದು ನನಗೆ ಒಪ್ಪಿಗೆಯಿಲ್ಲ.

ಎರಡನೆಯದು ಸೂಪರ್ ನಿಕ್ಕಾ. ತಕೆತ್ಸುರು 1920ರಲ್ಲಿ ಸ್ಕಾಟ್ಲೆಂಡಿನ ರೀಟಾ ಕೋವನ್‌ಳನ್ನು ಮದುವೆಯಾಗಿದ್ದ. ತವರಿನಿಂದ ಅಷ್ಟು ದೂರ, ಯುದ್ಧಕಾಲದಲ್ಲೂ ಜಪಾನ್ ಬಿಡದೆ ಉಳಿದ ಆಕೆ 1961ರಲ್ಲಿ ತೀರಿಕೊಂಡಳು. ಆ ದುಃಖದಿಂದ ಎದ್ದು, ಮಗನನ್ನು ಜೊತೆಗಿಟ್ಟುಕೊಂಡು ಆತ ಬೆರೆಸಿದ ವಿಸ್ಕಿ 1962ರಲ್ಲಿ ಹೊರಬಂತು. ಮೊದಲ ಲೋಟದ ಬಿಗುವು ಇದರಲ್ಲಿಲ್ಲ. ನಯ, ವೆನಿಲಾದ ಸಿಹಿ, ಹೊಗೆ ಇದೆಯೋ ಇಲ್ಲವೋ ಎನ್ನುವಷ್ಟು. ಈ ಕಥೆ ತಿಳಿದು ಕುಡಿದವರಿಗೆ ಅದರ ಮೆದುತನ ಬೇರೆಯೇ ಆಗಿ ತಟ್ಟುತ್ತದೆ.

ಮೂರನೆಯದು ವಿಸ್ಕಿಯೇ ಅಲ್ಲ, ಆ್ಯಪಲ್ ವೈನ್. ಬ್ರಾಂಡಿ ಬೆರೆತ ಗಟ್ಟಿ ಸಿಹಿ. ಕಾರು ಓಡಿಸುವವರಿಗೆ ಮದ್ಯವಿಲ್ಲ, ಬದಲಿಗೆ ಸೇಬಿನ ರಸ. ಅದನ್ನು ಸಪ್ಪೆ ಮುಖದಿಂದ ತೆಗೆದುಕೊಳ್ಳಬೇಕಾಗಿಲ್ಲ. 1934ರಲ್ಲಿ ಶುರುವಾದ ಕಂಪನಿಗೆ ಪೀಪಾಯಿಯೊಳಗಿನ ವಿಸ್ಕಿ ಹದಕ್ಕೆ ಬರುವವರೆಗೆ ಕಾಯಬೇಕಿತ್ತು, ಅಲ್ಲಿಯವರೆಗೆ ದಿನ ದೂಡಲು ಅದು ನೆಚ್ಚಿದ್ದು ಸುತ್ತಲ ತೋಟಗಳ ಸೇಬಿನ ರಸವನ್ನೇ. ಮೊದಲ ವಿಸ್ಕಿ ಮಾರಾಟಕ್ಕೆ ಬಂದದ್ದು 1940ರಲ್ಲಿ.